ಎಂಟಕ್ಕಿಂತ ಮೊದಲು ಹತ್ತೊಂಬತ್ತು

ಗ್ರಂಥಾಲಯದ ನೆಲ ಒರೆಸುತ್ತಿದ್ದವಳನ್ನು ಪುಸ್ತಕ ಜೋಡಿಸುವ ಕೆಲಸಕ್ಕೆ ಹಾಕಿದ ದಿನ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. "ಇನ್ಮೇಲೆ ನನ್ನ ಕೈಗೆ ಪೊರಕೆ ಇಲ್ಲ ಕಣೇ!" ಎಂದು ತಂಗಿಗೆ ಫೋನು ಮಾಡಿ ಹೇಳಿದ್ದಳು.

ಕೆಲಸ ಕಲಿಸಿದವನು ಹಳೆಯ ಜವಾನ, ಇಪ್ಪತ್ತೆರಡು ವರ್ಷದ ಸರ್ವೀಸಿನವನು. "ಬೆನ್ನ ಮೇಲಿನ ಚೀಟೀಲಿರೋ ನಂಬರೇ ಪುಸ್ತಕದ ವಿಳಾಸ. ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಅಷ್ಟೇ ಕಣಮ್ಮ," ಎಂದ. ಅವಳೂ ಅಷ್ಟೇ ಎಂದುಕೊಂಡಳು.

ಮೂರು ತಿಂಗಳಲ್ಲಿ ವೈದ್ಯಕೀಯ ವಿಭಾಗದ ದಪ್ಪ ದಪ್ಪ ಪುಸ್ತಕಗಳು ಒಂದೊಂದಾಗಿ ಕಾಣೆಯಾದವು. ಹುಡುಕಿದವರು ಇರಬೇಕಾದ ಜಾಗವನ್ನಷ್ಟೇ ನೋಡಿ ಕೈಚೆಲ್ಲಿದರು. ಆ ಕೋಣೆಯ ಬೀಗದ ಕೈ ಇದ್ದದ್ದು ಜವಾನನ ಬಳಿ. ಗ್ರಂಥಪಾಲಕಿ ಅವನನ್ನು ಕರೆದು, ವಿಚಾರಣೆ ಮುಗಿಯುವ ತನಕ ಬರಬೇಡ ಎಂದರು. ಅವನು ಬುತ್ತಿ ಡಬ್ಬಿ ಹಿಡಿದು ಹೊರಟುಹೋದ.

ಮರುವಾರ ಒಬ್ಬ ನರ್ಸ್ 615.19 ಎಂದು ಬರೆದ ಚೀಟಿ ಹಿಡಿದು ಬಂದಳು. "ಈ ಪುಸ್ತಕ ಅಲ್ಲಿಲ್ವಲ್ಲ?"

ಇವಳು 615.8ರ ಸಾಲು ದಾಟಿ, ಮುಂದಿನ ಕಪಾಟಿನಿಂದ ಅದನ್ನು ಎಳೆದುಕೊಟ್ಟಳು. "ಎಂಟಾದ ಮೇಲೆ ತಾನೇ ಹತ್ತೊಂಬತ್ತು?"

ನರ್ಸ್ ನಕ್ಕಳು. "ಚುಕ್ಕಿ ಆದ್ಮೇಲೆ ಅದು ಹತ್ತೊಂಬತ್ತಲ್ಲ ಅಕ್ಕ. ಒಂದು, ಒಂಬತ್ತು ಅಂತ ಒಂದೊಂದೇ ಅಂಕಿ ನೋಡ್ಬೇಕು. ಒಂದು ಎಂಟಕ್ಕಿಂತ ಮುಂಚೆ ಬರುತ್ತಲ್ವಾ? ಸಿರಿಂಜಲ್ಲಿ ಔಷಧಿ ಅಳತೆನ ನಾನು ನಿಮ್ಮ ಥರ ಓದಿದ್ರೆ ರೋಗಿ ಗತಿ ಗೋವಿಂದ!"

ಅವಳಿಗೆ ನಗು ಬರಲಿಲ್ಲ. ಕಾಣೆಯಾದ ಪುಸ್ತಕಗಳ ಪಟ್ಟಿ ಹಿಡಿದು ಕಪಾಟುಗಳತ್ತ ನಡೆದಳು. ಊಟದ ಹೊತ್ತಿನೊಳಗೆ ಕಾಣೆಯಾದ ಹನ್ನೊಂದು ಪುಸ್ತಕಗಳೂ ಅವಳೇ ಇಟ್ಟ ಜಾಗಗಳಲ್ಲಿ ಸಿಕ್ಕವು. ಸದ್ದಿಲ್ಲದೆ ಸರಿಪಡಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ಪುಸ್ತಕ ಹಾಗೆ ಸೇರಿಸಿಯೂ ಬಿಟ್ಟಳು. ಮೂರನೆಯದಕ್ಕೆ ಕೈ ಬರಲಿಲ್ಲ. ಎಲ್ಲವನ್ನೂ ತಳ್ಳುಗಾಡಿಗೆ ಹೇರಿ ಗ್ರಂಥಪಾಲಕಿಯ ಮುಂದೆ ನಿಂತಳು.

"ಯಾರೂ ಕದ್ದಿಲ್ಲ ಮೇಡಂ. ನಾನೇ ತಪ್ಪು ಜಾಗದಲ್ಲಿ ಇಟ್ಟಿದ್ದೆ."

"ಅವನು ನಿನಗೆ ಸರಿಯಾಗಿ ಹೇಳಿಕೊಡ್ಲಿಲ್ವಾ?"

"ಹೇಳಿಕೊಟ್ಟಿದ್ರು. ನನ್ನ ತಲೆಗೇ ಹೋಗಲಿಲ್ಲ," ಎಂದು ಸುಳ್ಳಾಡಿದಳು.

ಸಂಜೆ ಜವಾನನ ಮನೆಗೆ ತಾನೇ ಹೋದಳು. ಸುದ್ದಿ ಕೇಳಿದ ಅವನು ಹೊಸ್ತಿಲ ಮೇಲೆ ಕೂತ.

"ಪುಸ್ತಕ ಸಿಕ್ಕಿದ್ದು ಒಳ್ಳೇದಾಯ್ತು. ಅಷ್ಟು ಜನ ಇದ್ರಲ್ಲ, ಇವನು ಅಂಥವನಲ್ಲ ಅಂತ ಒಬ್ರಾದ್ರೂ ಅಂದ್ರಾ?"

"ಇಲ್ಲ," ಎಂದಳು. "ನಾನೂ ಅನ್ಲಿಲ್ಲ."

ಅವನು ತಲೆಯಾಡಿಸಿ ಒಳಗೆ ಹೋದ. ಕೆಲಸಕ್ಕೆ ಮರಳಿ ಕರೆದು ಗ್ರಂಥಪಾಲಕಿ ಬರೆದ ಪತ್ರಕ್ಕೆ ಉತ್ತರವಾಗಿ ಅವನ ರಾಜೀನಾಮೆ ಅಂಚೆಯಲ್ಲಿ ಬಂತು. ಅವಳು ಮಾತ್ರ ಕೆಲಸದಲ್ಲಿ ಉಳಿದಳು.