ಚೀಟಿಯ ಹಿಂಬದಿ

ಹುಳದ ಪೆಟ್ಟಿಗೆ ಒಯ್ಯಲು ಬಂದಿದ್ದ ನಬೀಸಾಬ್ ಅದರ ಗಾಜಿನ ಮುಚ್ಚಳ ತೆಗೆದವನು ಹಾಗೇ ಕುಳಿತುಬಿಟ್ಟ. ಡಾಂಬರು ಗುಳಿಗೆಯ ವಾಸನೆ ಪಡಸಾಲೆಗೆಲ್ಲ ಹಬ್ಬಿತು. ದುಂಬಿಗಳು, ಚಿಟ್ಟೆಗಳು ಸೂಜಿಗಳ ಮೇಲೆ ಸಾಲಾಗಿ ನಿಂತಿದ್ದವು, ಒಂದರ ರೆಕ್ಕೆಯೂ ಮುರಿದಿರಲಿಲ್ಲ. ಆದರೆ ಯಾವ ಸೂಜಿಯಲ್ಲೂ ಹಿಡಿದ ಜಾಗ, ದಿನ ಬರೆದ ಚೀಟಿ ಇರಲಿಲ್ಲ.

"ಅವ್ವಾರ, ಇದರ ಚೀಟಿ ಎಲ್ಲಿ ಹ್ವಾದವ್ರಿ?"

ಗುರುದೇವಿ ಕಂಬಕ್ಕೆ ಒರಗಿ ಕುಳಿತಿದ್ದಳು. ಗಂಡ ಅಮೃತಪ್ಪ ಮಳೆಗಾಲದ ಕೊನೆಗೆ ತೀರಿಕೊಂಡಿದ್ದ. ಅಂದಿನಿಂದ ಯಾರು ಏನು ಕೇಳಿದರೂ ತನ್ನನ್ನಲ್ಲ, ಪಕ್ಕದ ಮನೆಯವರನ್ನು ಕೇಳುತ್ತಿದ್ದಾರೆಂದೇ ಆಕೆಗೆ ಅನಿಸುತ್ತಿತ್ತು.

"ಅವರ ಸಂಗಟ ಹ್ವಾದವು" ಎಂದಳು.

ಅಮೃತಪ್ಪ ನಿಜಾಮ ಸರ್ಕಾರದ ಕಾಡು ಕಾಯುವ ಗಾರ್ಡು. ಹುಲಿ ಇರುವ ಕುಂಚಾವರಂ ಕಾಡಿನಲ್ಲಿ ಹುಳ ಹುಡುಕುತ್ತಾನಲ್ಲ ಎಂದು ಊರೇ ನಗುತ್ತಿತ್ತು. ಇರುವೆಗೂ ಸಕ್ಕರೆ ಹಾಕುವ ಲಿಂಗಾಯತರ ಮನೆಯಲ್ಲಿ ಇದೆಂಥ ಕೆಲಸವೆಂದು ಬೀಗರು ನೀರು ಕೂಡ ಕುಡಿಯದೆ ಎದ್ದು ಹೋದದ್ದೂ ಉಂಟು. ಅವನು ಜಪ್ಪಯ್ಯ ಎನ್ನಲಿಲ್ಲ. ಪೆಟ್ಟಿಗೆ ತುಂಬಿದಾಗಲೆಲ್ಲ ವಾಡಿಗೆ ಹೋಗಿ ರೈಲಿಗೆ ಹಾಕಿ ಹೈದರಾಬಾದಿನ ಹುಳದ ಸಂಗ್ರಹಕ್ಕೆ ಕಳಿಸುತ್ತಿದ್ದ. ಇದು ಕೊನೆಯ ಪೆಟ್ಟಿಗೆ. ಜ್ವರದಲ್ಲಿ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು, "ಪೆಟ್ಟಿಗಿ ಮುಟ್ಟಿಸು."

ಅವನು ಸತ್ತ ದಿನ ಮಳೆ ಹಿಡಿದಿತ್ತು. ಮಣ್ಣು ಕೊಡುವ ಮೊದಲು ಮೈಮೇಲೆ ಇಪ್ಪತ್ತೊಂದು ಮಂತ್ರದ ಚೀಟಿ ಇಡಬೇಕು. ಚಿಮ್ಮನಚೋಡದಿಂದ ಬಂದ ಅಯ್ಯನವರ ಜೋಳಿಗೆಯ ಕಾಗದ ತೊಯ್ದು ಮುದ್ದೆಯಾಗಿತ್ತು. ಮನೆಯ ಕಾಗದಗಳ ಮೇಲೆಲ್ಲ ಎರಡೂ ಬದಿ ಉರ್ದು ಬರೆದಿತ್ತು. ಹೆಣ ಕಾಯಿಸಬಾರದೆಂದು ಗುರುದೇವಿಯೇ ಈ ಪೆಟ್ಟಿಗೆ ತೆರೆದಳು. ಸೂಜಿ ಕಿತ್ತು, ಚೀಟಿ ಜಾರಿಸಿ, ಹುಳವನ್ನು ಮತ್ತೆ ಅದೇ ಜಾಗದಲ್ಲಿ ಚುಚ್ಚಿದಳು. ದಪ್ಪ ಬಿಳಿ ಚೀಟಿಗಳು, ಹಿಂಬದಿ ಖಾಲಿ, ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತೊಂದು. ಅಯ್ಯನವರು ಅಲ್ಲಿ ಮಂತ್ರ ಬರೆದರು. ಗಂಡ ಕೈಯಾರೆ ಬರೆದದ್ದು ಗಂಡನ ಎದೆಗೇ ಹೋಯಿತೆಂದು ಆಕೆಗೆ ಅವತ್ತು ಸಮಾಧಾನವೇ ಆಗಿತ್ತು.

ನಬೀಸಾಬ್ ಎಲ್ಲ ಕೇಳಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಶಹಾಬಾದಿನವನು, ಈಗ ಹೈದರಾಬಾದಿನಲ್ಲಿ ಆ ಸಂಗ್ರಹ ಕಾಯುವ ಕೆಲಸ. ಈ ಮನೆಯ ರೊಟ್ಟಿ ಉಂಡವನು.

"ತಪ್ಪು ನಿಮ್ಮದಲ್ರಿ, ಅವ್ವಾರ. ಆದ್ರ ಎಲ್ಲೀದು, ಯಾವಾಗಿಂದು ಅಂತ ಇಲ್ಲಂದ್ರ ಇದು ಬರೀ ಸತ್ತ ಹುಳ. ನಾಳಿ ಈ ಜಂಗಲ್ ಕಡದ್ರ, ಇಲ್ಲಿ ಇವೂ ಇದ್ವು ಅನ್ಲಿಕ್ಕ ಆ ಚೀಟೀನೇ ಸಾಕ್ಷಿ ಇತ್ತು." ಪೆಟ್ಟಿಗೆಯ ಮೇಲೆ ಬಾಗಿ ಕೇಳಿದ, "ಎಲ್ಲಾ ಕುಂಚಾವರಂದಾಗ ಹಿಡದವ ಏನ್ರಿ? ಹಂಗಿದ್ರ ಹೇಳ್ರಿ, ಹೊಸಾ ಚೀಟಿ ಬರೀತೀನಿ. ನೀವು ಹೇಳಿದ್ರ ನನಗ ಸಾಕು."

ಹೂಂ ಎಂದರೆ ಮುಗಿಯಿತು. ಪೆಟ್ಟಿಗೆ ಮುಟ್ಟುತ್ತದೆ, ಗಂಡನ ಮಾತು ಉಳಿಯುತ್ತದೆ. ಗುರುದೇವಿ ಬಾಯಿ ತೆರೆದಳು ಕೂಡ. ಆದರೆ ಕೆಲವು ವಾಡಿ ಸ್ಟೇಷನ್ನಿನ ದೀಪಕ್ಕೆ ಬಿದ್ದವು, ಕೆಲವು ಸೇಡಂ ಕಡೆಯ ಹೊಲದವು ಎಂದು ಆಕೆಗೆ ಗೊತ್ತು. ಯಾವುದು ಯಾವುದೆಂದು ಗೊತ್ತಿಲ್ಲ. ಹಿಡಿದ ಜಾಗ ಮರೆತರೆ ಅಮೃತಪ್ಪ ಎಂಥ ಚಂದದ ಹುಳವನ್ನೂ ಅಂಗಳಕ್ಕೆ ಎಸೆಯುತ್ತಿದ್ದ. ಸುಳ್ಳು ಚೀಟಿಗಿಂತ ಬರೀ ಸೂಜಿ ಛಲೋ ಎನ್ನುತ್ತಿದ್ದ.

"ಅಲ್ರಿ" ಎಂದಳು. "ಎಲ್ಲಾ ಇಲ್ಲೀವಲ್ಲ. ಯಾವುದು ಎಲ್ಲೀದು ನನಗ ತಿಳೀದು."

ಅಳು ಬರಬೇಕಿತ್ತು, ಬರಲಿಲ್ಲ. ನಬೀಸಾಬ್ ಮುಚ್ಚಳ ಹಾಕಲು ಹೋದಾಗ ಮಾತ್ರ ಆಕೆಯ ಕೈ ಅಡ್ಡ ಬಂತು. ಮೂಲೆಯ ಹಸಿರು ದುಂಬಿಯ ಹತ್ತಿರ ಬೆರಳು ನಿಂತಿತು.

"ಇದೊಂದು ಗೊತ್ತದ. ಈ ಸಲ ಪಂಚಮಿ ದಿನ, ನಮ್ಮ ಬೇವಿನ ಗಿಡದಾಗ. ಜೋಕಾಲಿ ಹಗ್ಗದ ಮ್ಯಾಲ ಕುಂತಿತ್ತು."

ನಬೀಸಾಬ್ ಚೀಲದಿಂದ ಚೀಟಿ, ಸೀಸದಕಡ್ಡಿ ತೆಗೆದು ಸಣ್ಣಗೆ ಬರೆದ. "ಹಿಡದವರು ಅಮೃತಪ್ಪನವರು ಅಲ್ರೀ?"

"ಅಲ್ಲ, ನಾ ಹಿಡದೆ. ಅವರು ನನ್ನ ಜೋಕಾಲಿ ತೂಗಾಕತ್ತಿದ್ರು."

ಅವನು ತಲೆ ಎತ್ತಲಿಲ್ಲ. ಆಕೆಯ ಹೆಸರು ಬರೆದು ಚೀಟಿಯನ್ನು ಮುಂದೆ ಹಿಡಿದ. ಗುರುದೇವಿಗೆ ಓದು ಬರುತ್ತಿರಲಿಲ್ಲ. ಚೀಟಿ ಇಸಿದುಕೊಂಡು ಹೊರಳಿಸಿ ನೋಡಿದಳು. ಹಿಂಬದಿ ಬೆಳ್ಳಗಿತ್ತು. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ತಿರುಗಿ ಕೊಟ್ಟಳು.