ತೊಟ್ಟಿಲ ಕಡೆಗೆ

ಹೆಬ್ಬೆರಳಿಗೆ ಮಸಿ, ಅದೇ ಬೆರಳಲ್ಲಿ ಮೂಗು ಉಜ್ಜಿಕೊಂಡಾಯಿತು, ಮೂಗಿನ ತುದಿಯೂ ಕಪ್ಪಾಗಿರಬೇಕು, ಆಗಲಿ ಬಿಡು, ಬರುವವಳಿಗೆ ಇನ್ನೂ ಕಣ್ಣೇ ನೆಟ್ಟಗೆ ನಿಲ್ಲುವುದಿಲ್ಲ — ಅಕ್ಕನ ಮಗಳು, ಏಳೇ ತಿಂಗಳಿಗೆ ಹೊರಟು ಬಂದ ಅವಸರದವಳು, ಥೇಟ್ ಚಿಕ್ಕಮ್ಮನೇ ಕಣೇ ಇದು, ಎಂದಿದ್ದಳು ಅಕ್ಕ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ, ಅಳುತ್ತಲೇ ನಗುತ್ತ. ನಲವತ್ತು ದಿನ ಆ ಪೆಟ್ಟಿಗೆಯಲ್ಲಿ. ಇವತ್ತು ಬಿಡುಗಡೆ, ಇವತ್ತೇ ಅಕ್ಕನ ಮನೆಯ ಹೀಟರ್ ಕೈಕೊಡಬೇಕೆ, ಬೆಳಿಗ್ಗೆ ಫೋನು, ನಿನ್ನ ಮನೆ ಬೆಚ್ಚಗಿದ್ರೆ ಸೀದಾ ಅಲ್ಲಿಗೇ ಬರ್ತೀವಿ ಕಣೇ, ಆದ್ರೆ ಹೊಗೆ ಮಾತ್ರ ಬೇಡ, ಇವಳ ಶ್ವಾಸಕೋಶ ಇನ್ನೂ ಎಳಸು ಅಂದಿದಾರೆ ಡಾಕ್ಟ್ರು. ಹೊಗೆಯಾ? ಬೇಕರಿಯವನ ಮಗಳ ಮನೇಲಾ? ಬಾರೇ ಸುಮ್ನೆ! ಆಗಿನಿಂದ, ಅಂದರೆ ಒಂಬತ್ತು ಗಂಟೆಯಿಂದ, ಈ ಚಿಕ್ಕಮ್ಮನ ಕಾಲು ನೆಲದ ಮೇಲಿಲ್ಲ. ತೊಟ್ಟಿಲನ್ನು ಅಗ್ಗಿಷ್ಟಿಕೆಯಿಂದ ದೂರ, ಎದುರು ಗೋಡೆಗೆ ಸರಿಸಿದಳು, ನೆಲಹಾಸನ್ನು ಸುತ್ತಿ ಮೂಲೆಗೆ ನಿಲ್ಲಿಸಿದಳು, ಕಿಟಕಿಯನ್ನು ಒಂದು ಬೆರಳಷ್ಟು ತೆರೆದಳು, ಗೋಡೆಯ ಮೇಲಿನ ಹೊಗೆ ಅಲಾರಮ್ಮಿನ ಗುಂಡಿ ಒತ್ತಿ ಅದು ಕಿರುಚಿದಾಗ ತಾನೇ ಬೆಚ್ಚಿಬಿದ್ದು ನಕ್ಕಳು. ಸೌದೆ ಎರಡು ವರ್ಷ ಒಣಗಿದ್ದು, ಒಂದಕ್ಕೊಂದು ತಾಗಿಸಿದರೆ ಟಣ್ ಎನ್ನುತ್ತದೆ, ಬಣ್ಣ ಬಳಿದ ಹಳೇ ಹಲಗೆ ಮುಟ್ಟಲೇ ಇಲ್ಲ, ಬೂದಿಗೆ ಮುಚ್ಚಳದ ಕಬ್ಬಿಣದ ಬಕೆಟ್ಟು, ಎಲ್ಲ ಆ ಚಿಮಣಿ ಗುಡಿಸುವವನು ನಿನ್ನೆ ಹೇಳಿದ ಹಾಗೆಯೇ. ಎಂಥ ಮಾತುಗಾರ! ಒಂದು ಬುಟ್ಟಿ ಮಸಿ, ಒಂದು ಹಕ್ಕಿಗೂಡು ಕೆಳಗಿಳಿಸಿ, ನೋಡೀಮ್ಮಾ, ಮೇಲೆ ಹೊಗೆ ಹೋಗೋ ದಾರಿಗೆ ಅಡ್ಡ ಇರೋ ತಗಡಿಗೆ ಈ ಹಿಡಿ, ತಳ್ಳಿದ್ರೆ ತೆರೆಯುತ್ತೆ, ಎಳೆದ್ರೆ ಮುಚ್ಚುತ್ತೆ, ಮತ್ತೆ ಬೆಂಕಿ ಹಾಕೋಕೆ ಮುಂಚೆ ಒಂದು ಕಾಗದ ಹಚ್ಚಿ ಒಳಗೆ ಹಿಡೀರಿ, ಉರಿ ಮೇಲಕ್ಕೆ ಹೋಗ್ಬೇಕು, ಹೊರಕ್ಕೆ ಬಾಗಿದ್ರೆ ಹೊಗೆಯೆಲ್ಲ ಕೋಣೆಗೇ, ಮಾತು ಕೊಡಿ. ಕೊಟ್ಟೆ ಮಾರಾಯ, ನನಗೆ ಬೆಂಕಿ ಪಾಠ ಹೇಳ್ತೀರಾ, ನಾನು ಹುಟ್ಟಿದ್ದೇ ಒಲೆ ಮುಂದೆ!

ಒಲೆ ಮುಂದೆಯೇ — ಅಪ್ಪನ ಬೇಕರಿ, ಹಿಟ್ಟಿನ ಧೂಳು, ಸ್ಟೂಲಿನ ಮೇಲೆ ನಿಂತ ಹತ್ತು ವರ್ಷದ ಅವಳು, ಎರಡೂ ಕೈಯಲ್ಲಿ ಕಬ್ಬಿಣದ ಹಿಡಿ, ಎಳಿ ಮಗಾ ಎಳಿ, ಅವಳು ಜೋತುಬೀಳುತ್ತಾಳೆ, ಹೊಗೆ ಭುಸ್ಸೆಂದು ಮೇಲೇರುತ್ತದೆ, ಅಪ್ಪನ ಮುಖ ಅರಳುತ್ತದೆ, ಭೇಷ್. ಫೋನು ಗುಂಯ್ಗುಡುತ್ತಿದೆ, ಅಕ್ಕ, ನಿಮ್ಮ ಬೀದಿಗೆ ತಿರುಗಿದ್ವಿ ಕಣೇ, ಅಯ್ಯೋ ಇಷ್ಟು ಬೇಗಾನಾ, ಕೈ ತನ್ನಷ್ಟಕ್ಕೆ ಹಿಡಿಗೆ ಹೋಯಿತು, ಎಳಿ ಮಗಾ, ಎಳೆದಳು, ಕಡ್ಡಿ ಗೀರಿದಳು, ಸೌದೆಗೇ ಹಚ್ಚಿಬಿಡಲೇ, ಕಾಗದಕ್ಕೆಲ್ಲಿ ಪುರುಸೊತ್ತು — ಆದರೆ ಮಾತು ಕೊಟ್ಟಾಗಿದೆ, ಹಾಳಾಗಿ ಹೋಗಲಿ, ಒಂದು ಚೂರು ಪೇಪರು ತಿರುಚಿ, ಹಚ್ಚಿ, ಒಳಗೆ ಹಿಡಿದಳು. ಉರಿ ಮೇಲಕ್ಕೆ ಹೋಗಲಿಲ್ಲ. ಹೊರಕ್ಕೆ ಬಾಗಿತು. ಅದರ ಗುರಿ ಅವಳ ಕೈ ದಾಟಿ, ಮಂಡಿ ದಾಟಿ, ಕೋಣೆಯೊಳಕ್ಕೆ, ನೆಟ್ಟಗೆ ತೊಟ್ಟಿಲ ಕಡೆಗೆ, ಬೆರಳು ಮಾಡಿ ತೋರಿಸುವ ಹಾಗೆ. ಹಿಡಿ! ಅಪ್ಪನದ್ದು ಎಳೆಯುವ ಹಿಡಿ, ಇದು ತಳ್ಳುವುದು, ನಿನ್ನೆ ನಕ್ಕೆನಲ್ಲ, ಹಲ್ಲು ಕಿಸಿದು ನಕ್ಕೆನಲ್ಲ — ಕಾಗದ ಬೂದಿಗೆ, ಹಿಡಿ ಒಳಕ್ಕೆ, ತಗಡು ಕಿರ್ರೆಂದಿತು, ಇನ್ನೊಂದು ಕಾಗದ, ಈಗ ಉರಿ ಮೇಲಕ್ಕೆ, ಯಾರೋ ಮೇಲಿನಿಂದ ಹೀರಿದ ಹಾಗೆ, ಸೌದೆ ಹತ್ತಿತು, ಚಟಪಟ, ಗಾಜಿನ ಬಾಗಿಲು ಮುಚ್ಚಿದಳು, ಅಲಾರಂ ತೆಪ್ಪಗಿದೆ, ಕೋಣೆಯಲ್ಲಿ ಒಂದೆಳೆ ಹೊಗೆಯಿಲ್ಲ. ಕುಣಿಯಬೇಕು ಅನ್ನಿಸಿತು, ಕುಣಿದಳು ಕೂಡ. ಅರ್ಧ ಗಂಟೆಯೇ ಆಯಿತೇನೋ, ಮಗು ತೊಟ್ಟಿಲಲ್ಲಿ, ಮುಷ್ಟಿ ಬಿಚ್ಚಿ ಮಲಗಿದೆ, ಎದೆ ಏರುತ್ತದೆ, ಇಳಿಯುತ್ತದೆ, ಅಕ್ಕ ಕೋಟು ಕಳಚಿ, ಅಬ್ಬಾ, ಎಷ್ಟು ಹಿತವಾಗಿದೆಯೇ, ಬೆಂಕಿ ನೀನು ಹೇಳಿದ ಹಾಗೆ ಕೇಳುತ್ತೆ ಬಿಡು, ಎಷ್ಟಾದ್ರೂ ಯಾರ ಮಗಳು ಹೇಳು? ಹೇಳಬೇಕು, ನಾಲಿಗೆ ತುದಿಯಲ್ಲೇ ಇದೆ, ಬೇಕರಿಯವನ ಮಗಳು ಎನ್ನಬೇಕು, ನಗಬೇಕು — ಎದೆ ಏರುತ್ತದೆ, ಇಳಿಯುತ್ತದೆ — ಒಂದು ಚೂರು ಪೇಪರು, ಆ ಉರಿ, ಹೊರಕ್ಕೆ ಬಾಗಿ, ಕೈ ದಾಟಿ, ಮಂಡಿ ದಾಟಿ, ತೊಟ್ಟಿಲ ಕಡೆಗೆ.