ಟೋಪಿಯಿಂದ ಎತ್ತಿದ ಅಂಕಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಮಂತ್ರಿಯಾಗಿದ್ದ ವಿಲ್ಫ್ರೆಡ್ ಆಕ್ರಾಯ್ಡ್, ಚುನಾವಣೆ ಬಂದಾಗ ಲಂಡನ್ನಿನಿಂದ ತನ್ನ ಗಿರಣಿ ಊರಿಗೆ ಬಂದ. ಎಷ್ಟು ದೊಡ್ಡ ಮಂತ್ರಿಯಾದರೇನು, ಊರಿನ ಲೇಬರ್ ಪಕ್ಷದವರು ಕೈ ಎತ್ತಿದರಷ್ಟೇ ಅಭ್ಯರ್ಥಿ. ಈ ಸಲ ಅವರು ಎತ್ತುತ್ತಾರೆಂಬ ಧೈರ್ಯ ಅವನಿಗಿರಲಿಲ್ಲ. ಸಭೆಯ ಅಧ್ಯಕ್ಷೆ ನೆಲ್ಲಿ ಸಟ್‌ಕ್ಲಿಫ್; ಅವಳ ಕೈ ಏಳದಿದ್ದರೆ ಯಾರ ಕೈಯೂ ಏಳುತ್ತಿರಲಿಲ್ಲ.

ಒಂದು ಕಾಲಕ್ಕೆ ಇಬ್ಬರೂ ಅಕ್ಕಪಕ್ಕದ ಮಗ್ಗ ನಡೆಸಿದವರು. ಅವನನ್ನು ಮೊದಲು ವೇದಿಕೆ ಹತ್ತಿಸಿದವಳು, ಅವನಿಗಾಗಿ ಮನೆಮನೆಯ ಬಾಗಿಲು ತಟ್ಟಿದವಳು ಅವಳೇ.

ಯುದ್ಧದಲ್ಲಿ ಗಣಿಗಳಿಗೆ ಆಳು ಸಾಲದಾದಾಗ ವಿಲ್ಫ್ರೆಡ್ ಒಂದು ಕಟ್ಟಳೆ ತಂದಿದ್ದ. ಟೋಪಿಯೊಳಗಿಂದ ಒಂದು ಅಂಕಿ ಎತ್ತುವುದು. ಸೈನ್ಯಕ್ಕೆ ಕರೆಬಂದ ಹುಡುಗರಲ್ಲಿ ಯಾರ ನೋಂದಣಿ ಸಂಖ್ಯೆ ಆ ಅಂಕಿಯಲ್ಲಿ ಮುಗಿಯುತ್ತದೋ ಆ ಹುಡುಗ ಸೈನ್ಯದ ಬದಲು ಗಣಿಗೆ. ಶ್ರೀಮಂತರ ಮಗ, ಬಡವರ ಮಗ ಎಂಬ ಭೇದವಿಲ್ಲ. ನೆಲ್ಲಿಯ ಒಬ್ಬನೇ ಮಗ ಡೆನಿಸ್, ಹಡಗು ಸೇರುವ ಹಂಬಲದವನು, ಅದರಲ್ಲಿ ಸಿಕ್ಕಿಬಿದ್ದ. ಹೇಗಾದರೂ ಬಿಡಿಸು ಎಂದು ಅವಳು ಲಂಡನ್ನಿಗೇ ಹೋಗಿ ಅಂಗಲಾಚಿದಳು. ಒಬ್ಬನನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ ಎಂದು ವಿಲ್ಫ್ರೆಡ್ ಕಳಿಸಿಬಿಟ್ಟ. ಆ ಚಳಿಗಾಲದಲ್ಲೇ ಗಣಿಯ ಚಾವಣಿ ಕುಸಿದು ಡೆನಿಸ್ ಸತ್ತ.

ಸಭೆಯಲ್ಲಿ ಮುದುಕನೊಬ್ಬ, "ಏನ್ ಮಂತ್ರಿಗಳೇ, ಹೊಟ್ಟೆ ಬಂದಿದೆ. ರೇಷನ್ನು ನಮಗೆ ಮಾತ್ರಾನಾ?" ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು. ನೆಲ್ಲಿ ನಗಲಿಲ್ಲ.

"ನಂದೊಂದೇ ಪ್ರಶ್ನೆ, ವಿಲ್ಫ್," ಎಂದಳು. "ಇವತ್ತು ಬಂದು ಕೇಳಿದ್ರೆ ನನ್ನ ಮಗನ್ನ ಬಿಡಿಸ್ತಿದ್ಯಾ?"

ಬಿಡಿಸುತ್ತಿದ್ದೆ ಎಂದರೆ ಮುಗಿಯಿತು, ಟಿಕೆಟ್ಟು ಅವನದೇ. ರಾಜಕೀಯದಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಅವನು ಸಲೀಸಾಗಿ ಹೇಳಿದ್ದುಂಟು. ಆದರೆ ಲಂಡನ್ನಿಗೆ ಬಂದು ಕೇಳಲು ದಾರಿಯಿಲ್ಲದೆ ಮಕ್ಕಳನ್ನು ಗಣಿಗೆ ಕಳಿಸಿದ ತಾಯಂದಿರೂ ಅಲ್ಲೇ ಕೂತಿದ್ದರು.

"ಇಲ್ಲ ನೆಲ್ಲಿ. ಬಿಡಿಸ್ತಿರಲಿಲ್ಲ."

ನೆಲ್ಲಿ ಅವನನ್ನೇ ನೋಡಿದಳು. ಆಮೇಲೆ ಕೈ ಎತ್ತಿದಳು. ಅವಳ ಹಿಂದೆ ಒಂದೊಂದಾಗಿ ಎಲ್ಲರ ಕೈಗಳೂ ಎದ್ದವು.

ಜನ ಕರಗಿದ ಮೇಲೆ ವಿಲ್ಫ್ರೆಡ್ ಅವಳ ಬಳಿ ಹೋದ.

"ಬಿಡಿಸ್ತಿದ್ದೆ ಅಂದಿದ್ರೆ ನನ್ನ ಮಗ ಸುಮ್ಸುಮ್ನೆ ಸತ್ತ ಹಾಗಾಗ್ತಿತ್ತು," ಎಂದಳು ನೆಲ್ಲಿ, ಕುರ್ಚಿಗಳನ್ನು ಮಡಿಸಿಡುತ್ತ. "ನಾಳೆಯಿಂದ ನಿನಗಾಗಿ ಬಾಗಿಲು ತಟ್ತೀನಿ. ನನ್ನ ಮನೆ ಬಾಗಿಲು ಮಾತ್ರ ನೀನು ತಟ್ಬೇಡ."